ಪೆನ್ನಿನ ಲೈಸೆನ್ಸು

ಟಾಸ್ಮೇನಿಯದ ಪಡುವಣಕ್ಕೆ, ತಾಮ್ರದ ಗಣಿಯ ಊರಲ್ಲಿ
ನಾಲ್ಕನೇ ತರಗತಿಗೆ ಲೈಸೆನ್ಸು ಕೊಡುವವಳು ನಾನೇ.
ಅಕ್ಷರ ಗೆರೆಯ ಮೇಲೆ ನೆಟ್ಟಗೆ ಕೂತರೆ,
ಬಾಲಗಳೆಲ್ಲ ಒಂದೇ ಉದ್ದಕ್ಕೆ ಇಳಿದರೆ,
ಶುಕ್ರವಾರ ಮಧ್ಯಾಹ್ನ ಹೆಸರು ಕೂಗುತ್ತೇನೆ.
ಲ್ಯಾಮಿನೇಟ್ ಮಾಡಿದ ಒಂದು ಚೀಟಿ, ಒಂದು ನೀಲಿ ಪೆನ್ನು, ಚಪ್ಪಾಳೆ.
ಅಲ್ಲಿಯವರೆಗೆ ಪೆನ್ಸಿಲ್ಲು.

ಇಪ್ಪತ್ತಮೂರು ಮಕ್ಕಳು.
ಅಕ್ಟೋಬರ್ ಬರುವಾಗ ಇಪ್ಪತ್ತೆರಡು ಪೆನ್ನು.

ಉಳಿದವಳು ಟ್ಯಾಮ್ಸಿನ್ ಪೆಂಗೆಲಿ.
ಹದಿಮೂರರ ಮಗ್ಗಿಯನ್ನು ಕೆಳಗಿಂದ ಮೇಲಕ್ಕೆ ಹೇಳುವವಳು,
ನೆರಳಿಗೆ ತೂಕ ಇಲ್ಲ ಅಂತ ಯಾರು ತೂಗಿ ನೋಡಿದರು ಎಂದು
ನನ್ನ ಊಟದ ಬಿಡುವನ್ನು ತಿಂದುಹಾಕಿದವಳು.
ಹಾಳೆಯ ಮೇಲೆ ಮಾತ್ರ ಕಾಗೆಕಾಲು ಗುಬ್ಬಿಕಾಲು.
ಹಕ್ಕಿ ಯಾವಾಗಲೋ ಹಾರಿಯಾಗಿದೆ;
ಮರಳಲ್ಲಿ ಉಳಿದ ಗುರುತನ್ನು
ಕೆಂಪು ಶಾಯಿಯಲ್ಲಿ ತಿದ್ದುತ್ತ ಕೂತವಳು ನಾನು.

ಪೆನ್ಸಿಲಿಗೆ ಮೂರು ಮೂಲೆಯ ರಬ್ಬರು ತೊಡಿಸಿದೆವು.
ಇಳಿಜಾರು ಹಲಗೆ ಇಟ್ಟೆವು.
ಹೋಬಾರ್ಟಿನ ತಜ್ಞೆಯ ಸರದಿಗೆ ಹದಿನಾಲ್ಕು ತಿಂಗಳು.
ಹೆಡ್‌ಮಾಸ್ಟರ್ ಹರ್ಬರ್ಗ್ ಹಾಳೆಯನ್ನು ಅತ್ತ ಇತ್ತ ತಿರುಗಿಸಿ
'ಸೋಮಾರಿತನ' ಅಂದರು, ಒಂದೇ ಮಾತು.
ಬೇಕರಿಯ ಏಪ್ರನ್ನಿನಲ್ಲೇ ಓಡಿಬಂದ ತಾಯಿ
ಕೈ ಒರೆಸಿಕೊಳ್ಳುತ್ತ ಹೇಳಿದಳು:
'ದಿನಾ ಒಂದು ಪುಟ ಕಾಪಿ ಬರೆಸ್ತೀನಿ. ದಿನಾ ಅಳ್ತಾಳೆ.
ಅತ್ತ ಪುಟ ತರಬೇಕಾ, ಒಣಗಿಸಿ?'

ಪ್ರಗತಿಪತ್ರದಲ್ಲಿ ನಾನು ಬರೆದೆ: ಬಹಳ ಚುರುಕು, ಆದರೆ
ಆ 'ಆದರೆ'ಯನ್ನು ಎಷ್ಟು ಗುಂಡಗೆ, ಎಷ್ಟು ಚಂದ ಬರೆದಿದ್ದೆ!

ಪರೀಕ್ಷೆಗೆಂದು ನಾಲ್ಕು ಸಾಲು ಕೊಟ್ಟರೆ
ಅವಳ ಪ್ರಶ್ನೆ:
'ಆಗಲೇ ಬರೆದಾಗಿದೆಯಲ್ಲ, ಮಿಸ್,
ಇನ್ನೊಂದು ಸಲ ಯಾಕೆ?'

ಆಮೇಲೆ ಹೊಳೆಯ ಪಾಠ.
ನಮ್ಮೂರ ಹೊಳೆ ಕಿತ್ತಳೆ ಬಣ್ಣ. ನೀವು ನಂಬಲಿಕ್ಕಿಲ್ಲ,
ತುಕ್ಕು ಹಿಡಿದ ಬಾಗಿಲನ್ನು ಕರಗಿಸಿ ಹರಿಯಬಿಟ್ಟ ಹಾಗೆ.
ಅದರಲ್ಲಿ ಮೀನು ಯಾಕಿಲ್ಲ? ಐದು ಸಾಲಲ್ಲಿ ಬರೆಯಿರಿ.
ಟ್ಯಾಮ್ಸಿನ್ ಎರಡು ಪುಟ ತುಂಬಿಸಿದಳು, ಅಂಚಿನಲ್ಲೂ ಬರೆದು.
ಮೂರು ಸಾಲು ಓದಲು ಹೆಣಗಿ, ವಾಪಸು ಕೊಟ್ಟೆ:
'ಅಂದವಾಗಿ ಬರಿ.'
ನಾಲಿಗೆ ಕಚ್ಚಿಕೊಂಡು ಮುಕ್ಕಾಲು ಗಂಟೆ ಬರೆದಳು.
*ನೀರು ಕೊಳೆ. ಅದಕ್ಕೆ ಮೀನು ಇಲ್ಲ.*
ಒಂದೊಂದು ಅಕ್ಷರವೂ ಗೆರೆಯ ಮೇಲೆ.
ನಾನು ಚಿನ್ನದ ನಕ್ಷತ್ರ ಅಂಟಿಸಿದೆ.

ಅವಳು ನಕ್ಷತ್ರ ನೋಡಿದಳು. ನನ್ನನ್ನು ನೋಡಿದಳು.
ಏನೂ ಕೇಳಲಿಲ್ಲ; ಆ ವರ್ಷ ಮೊದಲ ಬಾರಿಗೆ.

ಸಂಜೆ ಕಸದ ಬುಟ್ಟಿಯಿಂದ ಆ ಎರಡು ಪುಟ ಎತ್ತಿ,
ಮೇಜಿನ ಮೇಲೆ ಅಂಗೈಯಿಂದ ತೀಡಿ, ಕನ್ನಡಕ ಏರಿಸಿ,
ಕತ್ತಲಾಗುವವರೆಗೆ ಓದಿದೆ.
ಕುಲುಮೆಯ ಹೊಗೆ ಮಳೆಯಾಗಿ ಸುರಿದು ಗುಡ್ಡಗಳು ಬೋಳಾದದ್ದು,
ಬೇರಿಲ್ಲದ ಮಣ್ಣು ಹೊಳೆಗೆ ಜಾರಿದ್ದು,
ಆ ಕುಲುಮೆಗೆ ಸೌದೆ ಹಾಕಿದವನು ತನ್ನ ಮುತ್ತಜ್ಜ,
ಅವನಿಗೆ ಮೀನು ಹಿಡಿಯೋದು ಇಷ್ಟ ಇತ್ತಂತೆ.
ಕಡೆಗೆ ಒಂದು ಸಾಲು:
*ನೀರು ಮೀನನ್ನು ಮರೆತಿಲ್ಲ, ಅದು ಬರೀ*
ಮುಂದಿನ ಪದ ತಿಳಿಯಲಿಲ್ಲ.
ದೀಪಕ್ಕೆ ಹಿಡಿದೆ. ಹಿಂದಿನಿಂದ ನೋಡಿದೆ. ಇಲ್ಲ.

ಬೆಳಿಗ್ಗೆ ಅವಳ ಡೆಸ್ಕಿನ ಪಕ್ಕ ಮಂಡಿಯೂರಿ ಕೇಳಿದೆ:
'ಇದು ಏನು ಪದ, ಟ್ಯಾಮ್ಸಿನ್?'
ಸುಕ್ಕುಬಿದ್ದ ಹಾಳೆಗೆ ಮೂಗು ತಾಗಿಸಿ
ಬಹಳ ಹೊತ್ತು ನೋಡಿದಳು.
'ಗೊತ್ತಿಲ್ಲ, ಮಿಸ್,' ಅಂದಳು,
'ನಿನ್ನೆ ಗೊತ್ತಿತ್ತು.'